ದುಬೈ ನೋಡಿ ಬಂದವರು, ಅಲ್ಲೇ ಇರುವವರು ಬನ್ನಿ: ಆ ಊರಿನ ಬಗ್ಗೆ ಮಾತಾಡೋಣ

ಕಡಲತಡಿ

ಅಕ್ಕ ದುಬೈನಲ್ಲಿದ್ದಾಳೆ. ಈ ಚಳಿಗಾಲದಲ್ಲಿ ಅವಳ ಮನೆಗೆ ಹೋಗಿ ಬಂದೆ. ಸಿಕ್ಕವರೆಲ್ಲ ಮೊದಲು ಕೇಳಿದ್ದು ಬುರ್ಜ್ ಖಲೀಫಾ ಹತ್ತಿದ್ರಾ ಅಂತ. ಹತ್ತಿದೆ. 828 ಮೀಟರ್ ಎತ್ತರದ ಕಟ್ಟಡ, ಬುಡದಲ್ಲಿ ನಿಂತು ತಲೆ ಎತ್ತಿದರೆ ಕತ್ತು ನೋಯುತ್ತದೆ. ಮನುಷ್ಯರೇ ಇದನ್ನು ಕಟ್ಟಿದ್ದಾರಲ್ಲ ಎಂದು ನಿಜಕ್ಕೂ ಬೆರಗಾಯಿತು. ಆದರೆ ಆ ಊರು ನನಗೆ ಸ್ವಲ್ಪವಾದರೂ ಅರ್ಥವಾಗತೊಡಗಿದ್ದು ಹಳೇ ದುಬೈನ ಕ್ರೀಕ್ ದಂಡೆಯಲ್ಲಿ. ಹೋಗುವವರು ದಯವಿಟ್ಟು ಅಲ್ಲಿಂದ ಶುರು ಮಾಡಿ ಎಂದು ಹೇಳಲು ಈ ಚರ್ಚೆ ತೆರೆದಿದ್ದೇನೆ.

ಕ್ರೀಕ್ ಅಂದರೆ ಸಮುದ್ರದಿಂದ ಊರೊಳಗೆ ಹರಿದು ಬಂದಿರುವ ಉಪ್ಪುನೀರು. ಈಚೆ ದಡ ಬರ್ ದುಬೈ, ಆಚೆ ದಡ ದೇರಾ. ದಾಟಲು ಅಬ್ರಾ ಎಂಬ ಮರದ ದೋಣಿ ಇದೆ. ಚಾರ್ಜು ಒಂದು ದಿರ್ಹಮ್. ನಾಣ್ಯವನ್ನು ನೇರವಾಗಿ ಚಾಲಕನ ಕೈಗೆ ಕೊಡುವುದು. ಅವನು ದೋಣಿಯ ನಡುವೆ, ಎಂಜಿನ್ ಪಕ್ಕದ ಗುಂಡಿಯಲ್ಲಿ ಇರುತ್ತಾನೆ. ಅವನ ಸುತ್ತ ಹಲಗೆಯ ಮೇಲೆ ನಾವೆಲ್ಲ ನೀರಿಗೆ ಮುಖ ಮಾಡಿ ಕೂರಬೇಕು. ಕಾಲ ಕೆಳಗೇ ನೀರು. ನನ್ನ ಪಕ್ಕದಲ್ಲಿ ಒಬ್ಬ ಹೋಟೆಲ್ ಹುಡುಗ ಮೊಟ್ಟೆಯ ಟ್ರೇಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಗದ್ದದಿಂದ ಒತ್ತಿ ಹಿಡಿದು ಕೂತಿದ್ದ. ಇನ್ನೊಂದು ದೋಣಿಯ ಅಲೆ ಬಂದು ಬಡಿದಾಗಲೂ ಒಂದು ಮೊಟ್ಟೆ ಅಲ್ಲಾಡಲಿಲ್ಲ. ದಿನಾ ಮಾಡುವ ಕೆಲಸ ಅಂತ ನೋಡಿದರೇ ಗೊತ್ತಾಗುತ್ತಿತ್ತು.

ದೇರಾ ಕಡೆಯ ಕಟ್ಟೆಯಲ್ಲಿ ಮರದ ಸರಕು ಹಡಗುಗಳು ಸಾಲಾಗಿ ನಿಂತಿರುತ್ತವೆ. ಫ್ರಿಜ್, ಟೈರು, ಡಬ್ಬದ ಹಾಲಿನಪುಡಿ, ಪ್ಲಾಸ್ಟಿಕ್ ಕುರ್ಚಿ ಎಲ್ಲ ದಡದಲ್ಲೇ ರಾಶಿ. ಇರಾನ್ ಕಡೆಗೆ, ಸೊಮಾಲಿಯಾ ಕಡೆಗೆ ಹೋಗುವ ಮಾಲು. ಗಗನಚುಂಬಿ ಕಟ್ಟಡಗಳ ಊರಿನಲ್ಲಿ ಈ ವ್ಯಾಪಾರ ಇನ್ನೂ ನಡೆದಿದೆ.

ಈ ಕ್ರೀಕ್‌ನಲ್ಲಿ ಹೂಳು ತುಂಬಿ ಹಡಗು ಬರುವುದೇ ಕಷ್ಟವಾಗಿತ್ತಂತೆ. ಆಗಿನ ದುಬೈ ದೊರೆ ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ಕುವೈತ್‌ನಿಂದ ಸಾಲ ತಂದು ಹೂಳೆತ್ತಿಸಿದರು. 1961ರ ಹೊತ್ತಿಗೆ ಕೆಲಸ ಮುಗಿಯಿತು. ದುಬೈನಲ್ಲಿ ಎಣ್ಣೆ ಸಿಕ್ಕಿದ್ದು 1966ರಲ್ಲಿ. ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೈಯಲ್ಲಿ ಎಣ್ಣೆ ದುಡ್ಡು ಬರುವ ಮೊದಲೇ ಸಾಲ ಮಾಡಿ ಹಡಗಿಗೆ ದಾರಿ ಮಾಡಿಟ್ಟರು. ಆಮೇಲೆ 1972ರಲ್ಲಿ ರಶೀದ್ ಹೆಸರಿನ ಹಡಗು ಬಂದರು ಶುರುವಾಯಿತು, 1979ರಲ್ಲಿ ಮರಳುಗಾಡಿನ ನಡುವೆ ಜೆಬೆಲ್ ಅಲಿ ಬಂದರು. ಗಿರಾಕಿ ಬರುವ ಮೊದಲೇ ಅಂಗಡಿ ತೆರೆದು ಕೂರುವ ಧೈರ್ಯ ಅದು. ವಿಮಾನ ನಿಲ್ದಾಣ, ಮೆಟ್ರೋ, ಕೃತಕ ದ್ವೀಪ ಎಲ್ಲದರಲ್ಲೂ ಇದೇ ಬುದ್ಧಿ ಕಾಣುತ್ತದೆ.

ಆದರೆ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಟ್ಯಾಕ್ಸಿಯವನು ಪೇಶಾವರದವನು, ಅಂಗಡಿಯವನು ಕಾಸರಗೋಡಿನವನು, ಮಾಲ್‌ನಲ್ಲಿ ದಾರಿ ತೋರಿಸಿದವಳು ಮನಿಲಾದವಳು. ಎಲ್ಲರೂ ಒಂದಲ್ಲ ಒಂದು ದಿನ ವಾಪಸ್ ಹೋಗುವವರೇ. ಸಂಜೆ ರಸ್ತೆ ಬದಿಯಲ್ಲಿ ನೀಲಿ ಬಟ್ಟೆಯ ಕೂಲಿಕಾರರು ಬಸ್ಸಿಗೆ ಸಾಲು ನಿಂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ, ಅಷ್ಟು ದಣಿದಿದ್ದರು. ಹಿಂದೆಯೇ ಅವರು ಕಟ್ಟುತ್ತಿದ್ದ ಮನೆಗಳ ಜಾಹೀರಾತು. ಇಷ್ಟು ವೇಗವಾಗಿ ಬೆಳೆಯುವ ಊರು ತನ್ನನ್ನು ಕಟ್ಟಿದವರಿಗೂ ಒಂದಿಷ್ಟು ಜಾಗ ಇಡಬೇಕು ಎಂದು ನನಗೆ ಬಲವಾಗಿ ಅನಿಸಿತು. ಅಲ್ಲೇ ಇರುವವರು ಏನು ಹೇಳುತ್ತೀರಿ?

ದೇರಾದವ

ಕ್ರೀಕ್‌ನಿಂದ ಶುರು ಮಾಡಿ ಅಂದಿದ್ದಕ್ಕೆ ತುಂಬಾ ಖುಷಿಯಾಯಿತು. ನಾನು ಉಡುಪಿ ಕಡೆಯವನು, ತೊಂಬತ್ತರ ದಶಕದಿಂದ ಇಲ್ಲಿದ್ದೇನೆ. ಒಂದು ಮಾತು ಸೇರಿಸಬೇಕು. ಸಾಲ ಮೊದಲು, ಎಣ್ಣೆ ಆಮೇಲೆ ಎನ್ನುವುದು ಸರಿ. ಆದರೆ ರಶೀದ್ ಬಂದರು, ಜೆಬೆಲ್ ಅಲಿ ಕಟ್ಟುವ ಹೊತ್ತಿಗೆ ಎಣ್ಣೆ ದುಡ್ಡು ಬರುತ್ತಿತ್ತು. ಪಕ್ಕದ ಅಬುಧಾಬಿಗೆ ಹೋಲಿಸಿದರೆ ದುಬೈ ಎಣ್ಣೆ ಕಡಿಮೆ, ಅದು ಬೇಗ ಮುಗಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಬಂದ ದುಡ್ಡನ್ನು ಬಂದರಿಗೆ, ವಿಮಾನಕ್ಕೆ ಹಾಕಿದರು. ಎಮಿರೇಟ್ಸ್ ವಿಮಾನ ಕಂಪನಿ ಶುರುವಾಗಿದ್ದು 1985ರಲ್ಲಿ. ಈಗ ದುಬೈ ಆದಾಯದಲ್ಲಿ ಎಣ್ಣೆಯ ಪಾಲು ತೀರಾ ಸಣ್ಣದು.

ನಾನು ಬಂದಾಗ ಶೇಖ್ ಜಾಯೆದ್ ರಸ್ತೆಯಲ್ಲಿ ಎದ್ದು ಕಾಣುತ್ತಿದ್ದದ್ದು 39 ಮಹಡಿಯ ಟ್ರೇಡ್ ಸೆಂಟರ್ ಮಾತ್ರ. ಅದು ದಾಟಿ ಜೆಬೆಲ್ ಅಲಿ ಕಡೆ ಹೊರಟರೆ ಎರಡೂ ಕಡೆ ಬರೀ ಮರಳು. ಈಗ ಅದೇ ರಸ್ತೆಯಲ್ಲಿ ಕಣ್ಣಿಗೆ ಸಿಗುವ ಆಕಾಶ ಒಂದು ಪಟ್ಟಿ. 2002ರಲ್ಲಿ ವಿದೇಶಿಯರೂ ಕೆಲವು ಕಡೆ ಮನೆ ಕೊಳ್ಳಬಹುದು ಅಂದರು ನೋಡಿ, ಅಲ್ಲಿಂದ ಓಟ ಶುರು. 2009ರಲ್ಲಿ ಒಮ್ಮೆ ಮುಗ್ಗರಿಸಿತು. ಸಾಲ ಕಟ್ಟಲಾಗದೆ ಅಬುಧಾಬಿ ಕೈ ಹಿಡಿಯಬೇಕಾಯಿತು. ಬುರ್ಜ್ ದುಬೈ ಅಂತ ಕಟ್ಟಿದ ಗೋಪುರ 2010ರ ಜನವರಿಯಲ್ಲಿ ಉದ್ಘಾಟನೆ ದಿನ ಬುರ್ಜ್ ಖಲೀಫಾ ಆಯಿತು, ಅಬುಧಾಬಿ ದೊರೆಯ ಹೆಸರಲ್ಲಿ. ಆ ವರ್ಷಗಳಲ್ಲಿ ನನ್ನ ಜೊತೆಗಿದ್ದ ಎಷ್ಟೋ ಜನ ಕೆಲಸ ಕಳೆದುಕೊಂಡು ಊರಿಗೆ ಹೋದರು. ಅರ್ಧಕ್ಕೆ ನಿಂತ ಕಟ್ಟಡಗಳ ಮೇಲೆ ಕ್ರೇನುಗಳು ಹಾಗೇ ನಿಂತಿದ್ದವು.

ಚಳಿಗಾಲದಲ್ಲಿ ನೋಡಿದವರು ಅರ್ಧ ದುಬೈ ಮಾತ್ರ ನೋಡಿದಂತೆ. ಆಗಸ್ಟ್‌ನಲ್ಲಿ ಬನ್ನಿ. ಮೆಟ್ರೋ ನಿಲ್ದಾಣದ ಬಾಗಿಲು ತೆರೆಯುತ್ತಲೇ ಕನ್ನಡಕ ಪೂರ್ತಿ ಮಂಜಾಗುತ್ತದೆ, ಒರೆಸಿದರೆ ಮತ್ತೆ ಮಂಜು. ಸುಮ್ನೆ ನಿಂತು ಕಾಯಬೇಕು.

ಮಲೆನಾಡಿನ ಮಳೆ

ನನಗೆ ಆ ಊರು ಹಿಡಿಸಲಿಲ್ಲ, ನೇರವಾಗಿ ಹೇಳುತ್ತೇನೆ. ಎಲ್ಲವೂ ಹೊಸದು, ಎಲ್ಲವೂ ದುಡ್ಡು. ಕುಡಿಯುವ ನೀರು ಕೂಡ ಸಮುದ್ರದ ನೀರನ್ನು ಸಿಹಿ ಮಾಡಿದ್ದು. ಗಿಡದ ಬುಡಕ್ಕೆಲ್ಲ ಕಪ್ಪು ಪೈಪು. ಪೈಪು ಕಿತ್ತರೆ ಒಂದು ವಾರಕ್ಕೆ ಎಲ್ಲ ಒಣಗುತ್ತದೆ. ಇಂಥ ಕಡೆ ಇಷ್ಟು ದೊಡ್ಡ ಊರು ಬೇಕಿತ್ತಾ? ಬೆವರು ಸುರಿಸಿದವರ ಬಗ್ಗೆ ಕಡಲತಡಿ ಬರೆದದ್ದು ಮನಸ್ಸಿಗೆ ತಟ್ಟಿತು.

ಭಟ್ಕಳದ ಮಗಳು

ಎಲ್ಲವೂ ಹೊಸದು ಅನ್ನಬೇಡಿ ದಯವಿಟ್ಟು. ನಮ್ಮ ಮನೆಗೆ ದುಬೈ ಮೂರು ತಲೆಮಾರಿನ ಊರು. ಭಟ್ಕಳದಲ್ಲಿ ನಮ್ಮ ನವಾಯತ ಮುಸ್ಲಿಮರ ಯಾವ ಓಣಿಗೆ ಹೋದರೂ ಒಂದು ಮನೆಯವರಾದರೂ ಅಲ್ಲಿರುತ್ತಾರೆ.

ಅಜ್ಜ ಮುಂಬೈಯಿಂದ ಹಡಗು ಹತ್ತಿ ಹೋದವರು. ಆಗ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಮುಂಬೈ, ಕರಾಚಿ, ಮಸ್ಕತ್, ದುಬೈ ಅಂತ ಓಡಾಡುತ್ತಿದ್ದವು. ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ. ದೂರದಲ್ಲೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗೆ ಇಳಿಸುತ್ತಿದ್ದರು. ಪೆಟ್ಟಿಗೆಯನ್ನು ಮೊದಲು ಎಸೆದು ಆಮೇಲೆ ತಾವು ಜಿಗಿಯಬೇಕಿತ್ತು ಎಂದು ಅಜ್ಜ ಹೇಳುತ್ತಿದ್ದರು. 1961ರ ಏಪ್ರಿಲ್‌ನಲ್ಲಿ ದುಬೈ ಹತ್ತಿರ ‘ದಾರಾ’ ಎಂಬ ಹಡಗಿನಲ್ಲಿ ಸ್ಫೋಟವಾಗಿ 238 ಜನ ಸತ್ತರು. ಆ ಹೆಸರು ಬಂದರೆ ಅಜ್ಜ ಈಗಲೂ ಮಾತು ನಿಲ್ಲಿಸಿಬಿಡುತ್ತಾರೆ.

ಆ ಕಾಲದಲ್ಲಿ ಅಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. 1959ರಿಂದ ಕೊಲ್ಲಿ ನಾಡುಗಳಿಗೆ ಅಂತಲೇ ಬೇರೆ ಬಣ್ಣದ ನೋಟನ್ನು ನಮ್ಮ ರಿಸರ್ವ್ ಬ್ಯಾಂಕ್ ಅಚ್ಚು ಹಾಕುತ್ತಿತ್ತು. 1966ರಲ್ಲಿ ರೂಪಾಯಿ ಬೆಲೆ ಇಳಿಸಿದಾಗ ಅವರು ಅದನ್ನು ಬಿಟ್ಟರು. ದಿರ್ಹಮ್ ಬಂದದ್ದು 1973ರಲ್ಲಿ.

ನಾನು ಹುಟ್ಟಿದ್ದು ದುಬೈನಲ್ಲೇ. ಶಾಲೆ, ಗೆಳತಿಯರು, ಮೊದಲ ಕೆಲಸ ಎಲ್ಲ ಅಲ್ಲಿ. ಆದರೂ ನನ್ನ ಹಕ್ಕು ಇರುವುದು ವೀಸಾ ಇರುವಷ್ಟು ದಿನ. ಅಪ್ಪ ನಿವೃತ್ತರಾದ ವರ್ಷ ಮನೆ ಖಾಲಿ ಮಾಡಿ ಊರಿಗೆ ಬಂದರು. ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಕಾರಿನ ಕೀಲಿ ಹುಡುಕುತ್ತಿದ್ದರು. ಈಗ ಕೆಲವು ಬದಲಾವಣೆ ಆಗಿವೆ. 2019ರಿಂದ ಹಲವು ವರ್ಷ ಇರಲು ಬಿಡುವ ಗೋಲ್ಡನ್ ವೀಸಾ ಇದೆ, ನಿವೃತ್ತರಿಗೂ ಒಂದು ವೀಸಾ ಇದೆ. ಮದುವೆಯಾಗದ ಗಂಡುಮಕ್ಕಳನ್ನು 25 ವರ್ಷದವರೆಗೆ ಅಪ್ಪ ಅಮ್ಮ ತಮ್ಮ ವೀಸಾದಲ್ಲೇ ಇಟ್ಟುಕೊಳ್ಳಬಹುದು. ಒಳ್ಳೆಯದೇ. ಆದರೆ ಅದೆಲ್ಲ ದುಡ್ಡಿದ್ದವರಿಗೆ, ದೊಡ್ಡ ಸಂಬಳದವರಿಗೆ ಜಾಸ್ತಿ ಅನುಕೂಲ. ಕಿರಾಣಿ ಅಂಗಡಿಯಲ್ಲಿ ಜೀವಮಾನ ಕಳೆದವನಿಗೆ ಏನಿದೆ?

ಸಿವಿಲ್ ಬಸವ

ನಾನು ದಾವಣಗೆರೆಯವನು, ದುಬೈನಲ್ಲಿ ಸೈಟ್ ಇಂಜಿನಿಯರ್ ಆಗಿದ್ದೆ, ಈಗ ಬೆಂಗಳೂರು. ಕೆಲಸದ ಕಡೆಯಿಂದ ಎರಡು ಮಾತು.

ಸುತ್ತ ಮರಳಿದ್ದರೂ ಆ ಮರಳು ಕಾಂಕ್ರೀಟಿಗೆ ಬರುವುದಿಲ್ಲ. ಗಾಳಿಗೆ ಉರುಳಿ ಉರುಳಿ ಕಣ ನುಣ್ಣಗೆ ದುಂಡಗಾಗಿರುತ್ತದೆ, ಹಿಡಿತ ಇರುವುದಿಲ್ಲ. ಪಾಮ್ ಜುಮೇರಾ ಎಂಬ ಕೃತಕ ದ್ವೀಪಕ್ಕೆ ಹಾಕಿದ ಮರಳನ್ನೂ ಸಮುದ್ರದ ತಳದಿಂದ ತೆಗೆದರು, ಸುಮಾರು 9.4 ಕೋಟಿ ಘನ ಮೀಟರ್. ಬೇಸಿಗೆಯಲ್ಲಿ ಹಗಲು ಕಾಂಕ್ರೀಟ್ ಸುರಿದರೆ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅದಕ್ಕೆ ಒಂದಿಷ್ಟು ನೀರಿನ ಬದಲು ಐಸ್ ಹಾಕಿ ಕಲಸಿ, ರಾತ್ರಿ ಹೊತ್ತು ಸುರಿಯುತ್ತೇವೆ. ಬುರ್ಜ್ ಖಲೀಫಾಕ್ಕೂ ಹಾಗೇ ಮಾಡಿದ್ದು. ಪ್ರತಿ ಲಾರಿ ಬಂದಾಗ ಒಬ್ಬ ಹುಡುಗ ಥರ್ಮಾಮೀಟರ್ ಚುಚ್ಚಿ ನೋಡಬೇಕು. ಬಿಸಿ ಜಾಸ್ತಿ ಇದ್ದರೆ ಲಾರಿ ವಾಪಸ್. ನಡುರಾತ್ರಿ ಎರಡು ಗಂಟೆಗೂ ಬೆವರು ಕಣ್ಣಿಗೆ ಇಳಿಯುತ್ತಿರುತ್ತದೆ, ಹೆಲ್ಮೆಟ್ ತೆಗೆಯುವಂತಿಲ್ಲ. ಅಲ್ಲಿ ಕೆಲಸ ಮಾಡಿದವರ ಕೈಚಳಕವನ್ನು ನಾನು ಎಲ್ಲಿ ಬೇಕಾದರೂ ಎದ್ದು ನಿಂತು ಹೊಗಳುತ್ತೇನೆ.

ಆದರೆ ಎತ್ತರಕ್ಕೆ ಕೊಟ್ಟ ಗಮನವನ್ನು ಚರಂಡಿಗೆ ಕೊಟ್ಟಿರಲಿಲ್ಲ. 2024ರ ಏಪ್ರಿಲ್ 16ರಂದು ಸುರಿದದ್ದು 1949ರಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಅಲ್ಲಿನ ಅತಿ ದೊಡ್ಡ ಮಳೆ. ಅಬುಧಾಬಿಗೆ ಸೇರಿದ ಅಲ್ ಐನ್ ಹತ್ತಿರ ಒಂದು ಕಡೆ ಒಂದೇ ದಿನಕ್ಕೆ 254 ಮಿಲಿಮೀಟರ್ ದಾಟಿತು. ಮಳೆ ಅಪರೂಪ ಅಂತ ಎಷ್ಟೋ ರಸ್ತೆಗೆ ಮಳೆನೀರಿನ ಕಾಲುವೆಯೇ ಇರಲಿಲ್ಲ. ವಿಮಾನಗಳು ನೀರಿನಲ್ಲಿ ನಿಂತವು, ಟ್ಯಾಂಕರ್ ತಂದು ನೀರು ಹೀರಿ ಸಾಗಿಸಿದರು. ಎರಡು ತಿಂಗಳು ಕಳೆಯುತ್ತಲೇ 30 ಶತಕೋಟಿ ದಿರ್ಹಮ್‌ನ ಚರಂಡಿ ಯೋಜನೆ ಘೋಷಿಸಿದರು, 2033ಕ್ಕೆ ಮುಗಿಸುವ ಗುರಿ. ಬೆಂಗಳೂರಿನಲ್ಲಿ ರಾಜಕಾಲುವೆ ಪಕ್ಕ ಮನೆ ಮಾಡಿಕೊಂಡಿರುವ ನನಗೆ ಆ ಸುದ್ದಿ ಓದಿ ಹೊಟ್ಟೆಕಿಚ್ಚಾಯಿತು, ಸತ್ಯವಾಗಲೂ.

ರಾಯಚೂರು ಹುಡುಗ

ನಮ್ಮಣ್ಣ ಅಲ್ಲಿ ಕಬ್ಬಿಣ ಕಟ್ಟುವ ಕೆಲಸದಲ್ಲಿದ್ದಾನೆ. ಹತ್ತನೇ ಕ್ಲಾಸ್ ಪಾಸಾಗಿಲ್ಲ. ಊರಲ್ಲಿ ಎರಡು ವರ್ಷ ಮಳೆ ಬರಲಿಲ್ಲ, ಹೊಲ ಒತ್ತೆ ಇಟ್ಟು ಏಜೆಂಟನಿಗೆ ದುಡ್ಡು ಕೊಟ್ಟು ಹೋದ. ಕಳಿಸುವಾಗ ಹೇಳಿದ ಸಂಬಳ ಬೇರೆ, ಅಲ್ಲಿ ಸಹಿ ಹಾಕಿಸಿಕೊಂಡ ಕಾಗದದಲ್ಲಿದ್ದ ಸಂಬಳ ಬೇರೆ. ಮೊದಲು ಹೋದ ಕಂಪನಿ ತಿಂಗಳಾನುಗಟ್ಟಲೆ ಸಂಬಳವೇ ಕೊಡಲಿಲ್ಲ, ಪಾಸ್‌ಪೋರ್ಟನ್ನೂ ಇಟ್ಟುಕೊಂಡಿತ್ತು. ಒಂದೇ ರೂಮಿನಲ್ಲಿ ಮಂಚದ ಮೇಲೆ ಮಂಚ. ಫೋನಿನಲ್ಲಿ ಮಾತ್ರ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದ. ಅವ್ವನಿಗೆ ದನಿ ಕೇಳಿದರೇ ಗೊತ್ತಾಗುತ್ತಿತ್ತು.

ಈಗ ಬೇರೆ ಕಂಪನಿ. ಇದು ಪರವಾಗಿಲ್ಲ. ಸಂಬಳ ತಿಂಗಳಿಗೆ ಸರಿಯಾಗಿ ಬ್ಯಾಂಕಿಗೆ ಬರುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಅಂತ ಕಾನೂನಿದೆ, ಇಲ್ಲಿ ಅದನ್ನು ಪಾಲಿಸುತ್ತಾರೆ. ಒತ್ತೆ ಇಟ್ಟ ಹೊಲ ಬಿಡಿಸಿದ. ತಂಗಿ ನರ್ಸಿಂಗ್ ಓದುತ್ತಿದ್ದಾಳೆ, ಅವನ ದುಡ್ಡಲ್ಲಿ. ಹಾಗಾಗಿ ಆ ಊರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಹೊಗಳಲೂ ಮನಸ್ಸು ಬರುವುದಿಲ್ಲ. ಇಷ್ಟು ವರ್ಷ ಅಲ್ಲಿದ್ದರೂ ಬುರ್ಜ್ ಖಲೀಫಾ ಮೇಲೆ ಹತ್ತಿಲ್ಲ ಅವನು. ಟಿಕೆಟ್ ದುಡ್ಡಲ್ಲಿ ಮನೆಗೆ ಒಂದು ಚೀಲ ಅಕ್ಕಿ ಬರುತ್ತದೆ ಅನ್ನುತ್ತಾನೆ.

ದೇರಾದವ

ರಾಯಚೂರು ಹುಡುಗ, ನಿಮ್ಮಣ್ಣನಿಗೆ ನನ್ನ ನಮಸ್ಕಾರ ಹೇಳಿ. ಇದನ್ನು ಓದುವ ಬೇರೆಯವರಿಗಾಗಿ ಕೆಲವು ವಿಷಯ ಬರೆಯುತ್ತೇನೆ. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಇಲ್ಲಿ ಕಾನೂನುಬಾಹಿರ, ಕೇಳಿ ವಾಪಸ್ ಪಡೆಯಬಹುದು. ಕೆಲಸಕ್ಕೆ ಕರೆಸಿಕೊಳ್ಳುವ ಖರ್ಚು ಕಂಪನಿಯದ್ದು. ಹತ್ತನೇ ಕ್ಲಾಸ್ ಪಾಸಾಗದವರು ಕೆಲಸಕ್ಕೆ ಬರುವಾಗ ಭಾರತ ಸರ್ಕಾರದ ಅನುಮತಿ ಬೇಕು, ಅದು ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್ ಮೂಲಕವೇ ಆಗಬೇಕು. ಏಜೆಂಟ್ ನೋಂದಣಿ ಆಗಿದ್ದಾನಾ ಎಂದು ಅಲ್ಲೇ ನೋಡಬಹುದು. ‘ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ಮಾಡಿಸೋಣ’ ಅಂದರೆ ಹೋಗಲೇಬೇಡಿ. ವಿಸಿಟ್ ವೀಸಾದಲ್ಲಿ ದುಡಿದರೆ ತಪ್ಪು ನಿಮ್ಮ ತಲೆಗೂ ಬರುತ್ತದೆ.

ಊರಿಗೆ ಆತ್ಮ ಇಲ್ಲ ಅನ್ನುವವರಿಗೆ ಒಂದು ಮಾತು. ರಜೆಯ ದಿನ ಸಂಜೆ ಬನಿಯಾಸ್ ಚೌಕಕ್ಕೆ ಬನ್ನಿ. ಹುಲ್ಲಿನ ಮೇಲೆ ಗುಂಪು ಗುಂಪಾಗಿ ಕೂತು, ಊರಿಗೆ ವಿಡಿಯೋ ಕರೆ ಮಾಡುವ ಸಾವಿರಾರು ಜನರನ್ನು ನೋಡಿ. ನನ್ನ ಪಾಲಿಗೆ ದುಬೈ ಅಂದರೆ ಅವರೇ.

ಮಲೆನಾಡಿನ ಮಳೆ

ದೇರಾದವ, ಭಟ್ಕಳದ ಮಗಳು, ನಿಮ್ಮ ಮಾತು ಓದಿದೆ. ಅಲ್ಲಿನ ಜನರ ಮೇಲೆ ನನಗೆ ಗೌರವವೇ ಇದೆ. ಆದರೆ ಅಂಥ ಸೆಖೆಯಲ್ಲಿ ಇಡೀ ಊರನ್ನು ಎಸಿಯಲ್ಲಿ ಇಡುವುದಕ್ಕೆ ಎಷ್ಟು ಕರೆಂಟು ಸುಡುತ್ತದೆ? ಸೌರ ವಿದ್ಯುತ್ ಪಾರ್ಕ್ ಕಟ್ಟಿದ್ದಾರೆ, ಸರಿ. ಕಟ್ಟುವ ವೇಗ ಕಡಿಮೆ ಮಾಡುವ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ. ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಬದಲಾಗುವುದಿಲ್ಲ.

ಸಿವಿಲ್ ಬಸವ

ಅದು ನ್ಯಾಯವಾದ ಪ್ರಶ್ನೆಯೇ. ಹಳೆಯವರು ಇದಕ್ಕೆ ತಮ್ಮ ದಾರಿ ಕಂಡುಕೊಂಡಿದ್ದರು. ಬರ್ ದುಬೈನ ಹಳೇ ಅಲ್ ಫಹೀದಿ ಓಣಿಯಲ್ಲಿ ಮನೆಗಳ ಮೇಲೆ ಚೌಕದ ಗೋಪುರಗಳಿವೆ, ಬರ್ಜೀಲ್ ಅಂತಾರೆ. ನಾಲ್ಕು ದಿಕ್ಕಿನಿಂದ ಗಾಳಿ ಹಿಡಿದು ಕೋಣೆಗೆ ಇಳಿಸುತ್ತವೆ. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿದ ಮನೆಗಳು ಅವು. ಅಡಿಯಲ್ಲಿ ನಿಂತರೆ ಮುಖಕ್ಕೆ ಗಾಳಿ ತಾಗುತ್ತದೆ. ಅಲ್ಲಿನ ಓಣಿಗಳೂ ಕಿರಿದು, ಒಂದು ಗೋಡೆಯ ನೆರಳು ಇನ್ನೊಂದು ಗೋಡೆಗೆ ಬೀಳುತ್ತದೆ. ಹೊಸ ಗಾಜಿನ ಕಟ್ಟಡಗಳು ಈ ಬುದ್ಧಿಯನ್ನು ಪೂರ್ತಿ ಮರೆತವು, ಅದು ನನಗೂ ಬೇಸರ.

ಶಿರಸಿ ಸುಮಾ

ಚರ್ಚೆ ನಡುವೆ ಬಂದೆ, ಕ್ಷಮಿಸಿ. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಇಬ್ಬರೂ ಸಸ್ಯಾಹಾರಿಗಳು, ಅಪ್ಪನಿಗೆ ಮಂಡಿನೋವು. ಊಟ, ಓಡಾಟ ಹೇಗೆ? ಅಲ್ಲಿರುವ ನೆಂಟರಿಗೆ ಗಸಗಸೆ, ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬೇಕು ಅಂತ ಅಮ್ಮನ ಆಸೆ.

ಭಟ್ಕಳದ ಮಗಳು

ಸುಮಾ, ಗಸಗಸೆ ಒಂದು ಚಿಟಿಕೆಯೂ ಬೇಡ! ಅಲ್ಲಿ ಅದು ಮಾದಕ ವಸ್ತುಗಳ ಪಟ್ಟಿಗೆ ಸೇರುತ್ತದೆ, ಸಿಕ್ಕಿಬಿದ್ದರೆ ಜೈಲೂ ಆಗಬಹುದು. ಅಮ್ಮನ ಮಸಾಲೆ ಪುಡಿಯಲ್ಲೂ ಗಸಗಸೆ ಇದೆಯಾ ನೋಡಿಕೊಳ್ಳಿ. ಅಪ್ಪನ ನೋವಿನ ಮಾತ್ರೆಗಳ ಹೆಸರನ್ನೂ ಮೊದಲೇ ಪರೀಕ್ಷಿಸಿ. ಟ್ರಮಡಾಲ್, ಕೋಡೀನ್ ಇರುವ ಔಷಧಿಗೆ ಮುಂಚೆಯೇ ಅನುಮತಿ ಬೇಕು. ವೈದ್ಯರ ಚೀಟಿ ಜೊತೆಗಿರಲಿ. ಉಪ್ಪಿನಕಾಯಿ ಚೆನ್ನಾಗಿ ಪ್ಯಾಕ್ ಮಾಡಿ ಲಗೇಜಿಗೆ ಹಾಕಿ.

ಊಟಕ್ಕೆ ಚಿಂತೆ ಇಲ್ಲ. ಕರಾಮಾ, ಬರ್ ದುಬೈ ಕಡೆ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲುಗಳು ಬೇಕಾದಷ್ಟಿವೆ. ಮೆಟ್ರೋಗೆ ನೋಲ್ ಕಾರ್ಡ್ ಮಾಡಿಸಿ, ಎಲ್ಲ ನಿಲ್ದಾಣದಲ್ಲೂ ಲಿಫ್ಟ್ ಇದೆ. ಹೆಂಗಸರಿಗೆ, ಮಕ್ಕಳಿಗೆ ಬೇರೆ ಜಾಗ ಇರುತ್ತದೆ. ಆದರೆ ನಿಲ್ದಾಣದಿಂದ ಮಾಲ್‌ಗೆ ನಡೆಯುವ ದಾರಿ ತುಂಬಾ ಉದ್ದ, ಮಂಡಿನೋವಿಗೆ ಟ್ಯಾಕ್ಸಿಯೇ ಒಳ್ಳೆಯದು. ಡಿಸೆಂಬರ್‌ನಲ್ಲಿ ರಾಸ್ ಅಲ್ ಖೋರ್ ಪಕ್ಷಿಧಾಮಕ್ಕೆ ಹೋಗಿ, ಕ್ರೀಕ್‌ನ ತುದಿಯಲ್ಲಿ ಗುಲಾಬಿ ಬಣ್ಣದ ರಾಜಹಂಸಗಳು ಗುಂಪಾಗಿ ನಿಂತಿರುತ್ತವೆ, ಹಿಂದೆ ದೂರದಲ್ಲಿ ಬುರ್ಜ್ ಖಲೀಫಾ. ದೇವಸ್ಥಾನ ಬೇಕಾದರೆ ಜೆಬೆಲ್ ಅಲಿಯಲ್ಲಿ 2022ರಲ್ಲಿ ತೆರೆದದ್ದು ಇದೆ.

ಕಡಲತಡಿ

ಎಲ್ಲರ ಮಾತನ್ನೂ ಅಕ್ಕನಿಗೆ ಓದಿ ಹೇಳಿದೆ. ಅವಳದು ಒಂದೇ ಆಸೆಯಂತೆ: ವರ್ಷಕ್ಕೊಂದು ದಿನವಾದರೂ ಆ ಗೋಪುರವನ್ನು ಕೂಲಿಕಾರರಿಗೆ ಉಚಿತವಾಗಿ ತೆರೆಯಬೇಕು. ರಾಯಚೂರು ಹುಡುಗ, ನಿಮ್ಮಣ್ಣ ಯಾವಾಗ ವಾಪಸ್ ಬರುತ್ತಾರೆ?

ರಾಯಚೂರು ಹುಡುಗ

ತಂಗಿಯ ಓದು ಮುಗಿದ ಮೇಲೆ ಬರುತ್ತೇನೆ ಅಂತಿದ್ದಾನೆ. ಕೆಲಸ ಬಿಡುವಾಗ ಕಂಪನಿ ಕೈಗೆ ಒಂದಿಷ್ಟು ದುಡ್ಡು ಕೊಡಬೇಕಂತೆ, ಹೌದಾ? ಅವನಿಗೆ ಸರಿಯಾಗಿ ಗೊತ್ತಿಲ್ಲ, ಕೇಳಲು ಹೆದರುತ್ತಾನೆ.

ದೇರಾದವ

ಹೌದು, ಕೊಡಲೇಬೇಕು. ಒಂದು ವರ್ಷ ತುಂಬಿದ್ದರೆ ಸಾಕು. ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಅದರ ಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಭತ್ಯೆ ಸೇರುವುದಿಲ್ಲ, ಮೂಲ ಸಂಬಳ ಮಾತ್ರ. ಹಾಗಾಗಿ ಕಾಂಟ್ರಾಕ್ಟ್‌ನಲ್ಲಿ ಮೂಲ ಸಂಬಳ ಎಷ್ಟು ಬರೆದಿದ್ದಾರೆ ಎಂದು ಈಗಲೇ ಫೋಟೋ ತೆಗೆದು ನಿಮಗೆ ಕಳಿಸಲು ಹೇಳಿ. ಲೆಕ್ಕ ಹಾಕಲು ನಾನಿದ್ದೇನೆ. ರಜೆ ದಿನ ದೇರಾದ ನೈಫ್ ಕಡೆ ಬಂದರೆ ನಾನೇ ಜೊತೆಗೆ ಕೂತು ಓದಿ ಹೇಳುತ್ತೇನೆ, ಸಂಕೋಚ ಬೇಡ.